ಮೆಟ್ಟಿಲ ಕೆಳಗಿನ ಗೂಡು

ಮನೆಯ ಒಂದೊಂದು ಭಾಗಕ್ಕೂ ನಮ್ಮ ಹಿರಿಯರು ಒಂದೊಂದು ಹೆಸರಿಟ್ಟಿದ್ದಾರೆ. ಬಾಗಿಲ ಹೊರಗೆ ಜಗಲಿ, ಒಳಗೆ ಪಡಸಾಲೆ, ಅದನ್ನು ದಾಟಿದರೆ ನಡುಮನೆ, ಅಡಿಗೆಮನೆ, ದೇವರಮನೆ, ಬಚ್ಚಲುಮನೆ. ಹಿಂದಕ್ಕೆ ಹೋದರೆ ಹಿತ್ತಿಲು, ಮೇಲಕ್ಕೆ ಹೋದರೆ ಅಟ್ಟ ಅಥವಾ ಮಹಡಿ. ಹೆಸರಿದ್ದ ಮೇಲೆ ಒಡೆತನವೂ ಉಂಟಷ್ಟೆ. ಜಗಲಿ ತಾತನದು, ಅಡಿಗೆಮನೆ ಅಜ್ಜಿಯದು, ಮಹಡಿಯ ಕೋಣೆ ಪರೀಕ್ಷೆಗೆ ಓದುವ ಹುಡುಗನದು ಇಲ್ಲವೆ ಬಂದ ನೆಂಟರದು. ಇವೆಲ್ಲ ಹಂಚಿಕೆಯಾದ ಮೇಲೆ ಯಾರಿಗೂ ಬೇಡವಾಗಿ ಒಂದು ಜಾಗ ಉಳಿಯುತ್ತಿತ್ತು. ಅದು ಮಹಡಿಯ ಮೆಟ್ಟಿಲ ಕೆಳಗಿನ ಮುಮ್ಮೂಲೆಯ ಗೂಡು. ಎರಡು ಹಲಗೆಯ ಬಾಗಿಲು ಹಚ್ಚಿ, ಒಂದು ಚಿಲಕ ಹಾಕಿ, ಮನೆಯ ಹಳೆಯ ಸಾಮಾನನ್ನೆಲ್ಲ ಅದರೊಳಗೆ ನೂಕುತ್ತಿದ್ದರು. ಅದಕ್ಕೆ ತಕ್ಕ ಹೆಸರಿಡುವ ಗೋಜಿಗೆ ಯಾರೂ ಹೋಗಲಿಲ್ಲ. ಕೆಲವರು ಗೂಡು ಎಂದರು, ಕೆಲವರು ಸಂದು ಎಂದರು. ಗುಬ್ಬಿಯಲ್ಲಿ ಬೆಳೆದವನಾದ್ದರಿಂದ ಗೂಡೆಂಬ ಮಾತಿನಲ್ಲಿ ನನಗೆ ತುಸು ಹೆಚ್ಚಿನ ಸಲಿಗೆ. ಒಡೆಯರಿಲ್ಲದ ಆ ಗೂಡಿಗೆ ಒಡೆಯರಾದವರು ಮನೆಯ ಮಕ್ಕಳು.

ಇಷ್ಟು ಸಣ್ಣ ಜಾಗದ ವಿಚಾರವಾಗಿ ಒಂದು ಭಾಷಣವೇ ಎಂದು ನೀವು ಕೇಳಬಹುದು. ಜಾಗ ಸಣ್ಣದೇ ಸರಿ. ಆದರೆ ಮಕ್ಕಳ ಬಾಳಿನಲ್ಲಿ ಅದು ಮಾಡುತ್ತಿದ್ದ ಕೆಲಸ ಸಣ್ಣದಲ್ಲ. ಆ ಕೆಲಸವನ್ನು ಈಗ ಯಾರು ಮಾಡುತ್ತಿದ್ದಾರೆ ಎಂದು ಯೋಚಿಸುವುದಕ್ಕಾಗಿಯೇ ಈ ಹೊತ್ತು ಗೂಡಿನ ಬಾಗಿಲು ತೆರೆಯುತ್ತಿದ್ದೇನೆ.

ಎಲ್ಲ ಮನೆಗಳಲ್ಲಿಯೂ ಈ ಗೂಡು ಇರಲಿಲ್ಲವೆಂಬುದನ್ನು ಮೊದಲೇ ಹೇಳಿಬಿಡಬೇಕು. ತುಮಕೂರಿನ ಚಿಕ್ಕಪೇಟೆ, ಮಂಡಿಪೇಟೆಗಳ ಹಳೆಯ ವ್ಯಾಪಾರಸ್ಥರ ಮನೆಗಳು, ಗುಬ್ಬಿಯಲ್ಲಿ ಅಡಿಕೆ, ಕೊಬ್ಬರಿಗಳಿಂದ ನಾಲ್ಕು ಕಾಸು ಕಂಡವರ ಮನೆಗಳು, ಕುಣಿಗಲ್ಲಿನ ಕೆರೆಯ ಕೆಳಗೆ ಗದ್ದೆಯಿದ್ದವರ ಮನೆಗಳು, ಇಂಥ ಕಡೆ ಮಹಡಿಯೂ ಇತ್ತು, ಕಡಿದಾದ ಮರದ ಮೆಟ್ಟಿಲೂ ಇತ್ತು. ಹಳ್ಳಿಯ ಬಹುಪಾಲು ಮನೆಗಳಲ್ಲಿ ಅಟ್ಟಕ್ಕೆ ಏಣಿಯೇ ಗತಿ. ಅಲ್ಲಿನ ಮಕ್ಕಳಿಗೆ ಹುಲ್ಲಿನ ಬಣವೆಯ ಬುಡ, ಮೂಕಿ ಮುರಿದು ನಿಂತ ಗಾಡಿಯ ಅಡಿ, ಹುಣಸೆಮರದ ಪೊಟರೆ ಇವೇ ಗೂಡುಗಳಾಗಿದ್ದವು. ಆದ್ದರಿಂದ ನಾನು ಮೆಟ್ಟಿಲೆಂದಾಗ ನಿಮ್ಮಲ್ಲಿ ಕೆಲವರು ಬಣವೆಯೆಂದು ತಿಳಿದುಕೊಂಡರೂ ಮಾತು ಕೆಡುವುದಿಲ್ಲ.

ಒಳಗೆ ಏನೇನಿತ್ತು? 1970ರ ದಶಕದ ಕೊನೆಯಲ್ಲಿ ನಮ್ಮ ಗುಬ್ಬಿಯ ಮನೆಯ ಗೂಡಿನಲ್ಲಿದ್ದ ಸಾಮಾನುಗಳನ್ನು ನೆನಪಿರುವಷ್ಟು ಹೇಳುತ್ತೇನೆ. ಗಾಜೊಡೆದ ಲಾಂದ್ರಗಳು ಎರಡು. ಒಂದು ಕಡೆಯ ಸರಪಳಿ ಹೋದ ತೊಟ್ಟಿಲು. ತೂತು ಬಿದ್ದ ಕೊಳದಪ್ಪಲೆ, ಅಂಚು ಕಿತ್ತ ಮೊರ, ಅರ್ಧಕ್ಕೆ ಸೀಳಿದ ಒನಕೆ. ಬಟ್ಟೆಯೆಲ್ಲ ಹೋಗಿ ಕಡ್ಡಿ ಮಾತ್ರ ಉಳಿದ ಕೊಡೆ. ಬೀಗದ ಕೈ ಇಲ್ಲದ ಒಂದು ಪೆಟ್ಟಿಗೆ. ಯಾವ ಪೆಟ್ಟಿಗೆಗೂ ಹೊಂದದ ಬೀಗದ ಕೈಗಳ ಒಂದು ಗೊಂಚಲು. ಹೊಲಿಗೆ ಬಿಚ್ಚಿ ಬೂರುಗದ ಹತ್ತಿ ಉದುರುತ್ತಿದ್ದ ಒರಗುದಿಂಬು. ಹಳೆಯ ಪಂಚಾಂಗಗಳ ಕಟ್ಟು. ಅಜ್ಜಿಯ ಸೀರೆಗಳ ಗಂಟು. ಇವೆಲ್ಲದರ ಹಿಂದೆ, ಮೆಟ್ಟಿಲು ನೆಲಕ್ಕೆ ತಾಗುವ ಕಿರಿದಾದ ಮೂಲೆಯಲ್ಲಿ, ಸೇರು, ಅಚ್ಚೇರು, ಪಾವು, ಚಟಾಕುಗಳ ಒಂದು ಸಾಲು.

ಹೊರಗಿನವರಿಗೆ ಇದು ಕಸ. ಸ್ವಲ್ಪ ನಿಧಾನವಾಗಿ ನೋಡಿದರೆ ಇದರಲ್ಲೊಂದು ಕ್ರಮವುಂಟು. ಮೊದಲು ಒಳಹೋದದ್ದು ಹಿಂದೆ, ಆಮೇಲೆ ಹೋದದ್ದು ಮುಂದೆ. ನಮ್ಮ ದೇಶದಲ್ಲಿ ಕಿಲೋಗ್ರಾಮಿನ ತೂಕ ಜಾರಿಗೆ ಬರತೊಡಗಿದ್ದು 1958ರ ಅಕ್ಟೋಬರ್ 1ರಿಂದ. ಅದರ ಹಿಂದೆಯೇ ಲೀಟರಿನ ಅಳತೆಯೂ ಬಂದಿತು. ತಾತನ ಅಂಗಡಿಯಿಂದ ಸೇರು, ಪಾವುಗಳು ಗೂಡಿಗೆ ನಡೆದದ್ದು ಆ ಕಾಲದಲ್ಲಿ. ಅವುಗಳ ಪಕ್ಕದ ಡಬ್ಬಿಯಲ್ಲಿ ಕೆಲವು ತೂತಿನ ಕಾಸುಗಳಿದ್ದವು. ಇವು 1943ರಿಂದ 1947ರವರೆಗೆ ಅಚ್ಚಾದವು. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾಪೈಸೆಯ ಲೆಕ್ಕ ಬಂದ ಮೇಲೆ ಹದಿನಾರಾಣೆಯ ಲೆಕ್ಕವೂ, ಕಾಸುಗಳೂ ಹಿಂದಕ್ಕೆ ಸರಿದವು. ಮನೆಗೆ ವಿದ್ಯುಚ್ಛಕ್ತಿ ಬಂದ ಮೇಲೆ ಲಾಂದ್ರ ಬಂತು. ಕೊನೆಯ ಮಗು ನಡೆಯಲು ಕಲಿತ ಮೇಲೆ ತೊಟ್ಟಿಲು ಬಂತು. ಊರಿನ ಚರಿತ್ರೆಯೂ ಮನೆಯ ಚರಿತ್ರೆಯೂ ಅಲ್ಲಿ ಒಂದರ ಮೇಲೊಂದು ಒರಗಿಕೊಂಡಿದ್ದವು.

ಬೇಡವಾದ ವಸ್ತುವನ್ನಾಗಲಿ ಮನುಷ್ಯನನ್ನಾಗಲಿ ಬದಿಗೆ ಸರಿಸುವುದಕ್ಕೆ ನಮ್ಮಲ್ಲಿ ಮೂಲೆಗುಂಪು ಎಂಬ ಮಾತುಂಟು. ದೊಡ್ಡವರ ಬಾಯಲ್ಲಿ ಅದು ತಿರಸ್ಕಾರದ ಮಾತು. ಆದರೆ ವಸ್ತು ಮೂಲೆಗುಂಪಾದ ದಿನವೇ ಅದು ಮಕ್ಕಳ ಕೈಗೆ ಸಿಗುತ್ತದೆ. ಅಂಗಡಿಯಲ್ಲಿದ್ದ ಸೇರನ್ನು ಮುಟ್ಟಿದರೆ ತಾತ ಗದರುತ್ತಿದ್ದರು. ಅದು ಅಕ್ಕಿ ಅಳೆಯುವುದಕ್ಕೆ ಮಾತ್ರ. ಗೂಡಿಗೆ ಬಂದ ಮೇಲೆ ಅದೇ ಸೇರು ಒಂದು ದಿನ ನಗಾರಿ, ಮರುದಿನ ಸಿಂಹಾಸನ, ಮೂರನೆಯ ದಿನ ಬಾವಿ. ಕೆಲಸವಿದ್ದಾಗ ವಸ್ತುವಿಗೆ ಒಂದೇ ಅರ್ಥ. ಕೆಲಸ ತಪ್ಪಿದಾಗ ನಾನಾರ್ಥ. ನಿಘಂಟಿನ ಸಹವಾಸದಲ್ಲಿ ಬಾಳು ಕಳೆದ ನನಗೆ ಇದು ಈಗಲೂ ಸೋಜಿಗವೇ.

ಆಟ ಎಂಥದೆಂಬುದನ್ನು ಗೂಡು ಹೇಳಿಕೊಡುತ್ತಿರಲಿಲ್ಲ. ಅದನ್ನು ಊರು ಹೇಳಿಕೊಡುತ್ತಿತ್ತು. ರಜೆಯಲ್ಲಿ ನಾನು ಮೂರು ಊರುಗಳ ಗೂಡುಗಳಲ್ಲಿ ಆಡಿದವನಾದ್ದರಿಂದ ಈ ಮಾತನ್ನು ಧೈರ್ಯವಾಗಿ ಹೇಳಬಲ್ಲೆ.

ಗುಬ್ಬಿಯಲ್ಲಿ ನಮ್ಮ ಆಟವೆಂದರೆ ನಾಟಕ. ಬೇರೆ ಆಗಲು ಸಾಧ್ಯವೆ? 1884ರಲ್ಲಿ ಆ ಊರಿನಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ ನಾಡಿನ ಉದ್ದಗಲಕ್ಕೂ ಗುಬ್ಬಿ ಕಂಪನಿಯೆಂದೇ ಹೆಸರಾಯಿತು. ಬಾಲನಟನಾಗಿ ಅದನ್ನು ಸೇರಿ ಅದರ ಒಡೆಯರಾದ ಗುಬ್ಬಿ ವೀರಣ್ಣನವರು 1972ರಲ್ಲಿ ತೀರಿಕೊಂಡರು. ನಾವು ಆಡುವ ವಯಸ್ಸಿಗೆ ಬರುವ ಹೊತ್ತಿಗೆ ಅವರಿರಲಿಲ್ಲ, ಅವರ ಕತೆಗಳಿದ್ದವು. ‘ಸದಾರಮೆ’ಯಲ್ಲಿ ಅವರ ಕಳ್ಳನ ಪಾತ್ರ, ‘ಕುರುಕ್ಷೇತ್ರ’ದಲ್ಲಿ ರಂಗದ ಮೇಲೆ ನಿಜವಾದ ಆನೆ ಕುದುರೆಗಳು, ಇವನ್ನು ಕಂಡವರು ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದರು. ಕೇಳಿದ ನಮಗೆ ಸುಮ್ಮನೆ ಕೂರುವುದು ಆದೀತೆ? ಅಜ್ಜಿಯ ಸೀರೆ ಅಂಕದ ಪರದೆಯಾಯಿತು. ಕೊಳದಪ್ಪಲೆ ಕಿರೀಟ, ಮೊರ ಗುರಾಣಿ, ಸೀಳಿದ ಒನಕೆ ಗದೆ. ಕಡ್ಡಿ ಉಳಿದ ಕೊಡೆಯೇ ಕೌರವೇಶ್ವರನ ಬೆಳ್ಗೊಡೆ. ಒರಗುದಿಂಬು ಆನೆ. ಗೂಡು ವೈಶಂಪಾಯನ ಸರೋವರ. ದುರ್ಯೋಧನನಾದವನು ಒಳಗೆ ಹೋಗಿ ಬಾಗಿಲು ಎಳೆದುಕೊಳ್ಳಬೇಕು. ಭೀಮ ಮೂರನೆಯ ಮೆಟ್ಟಿಲ ಮೇಲೆ ನಿಂತು ಕೂಗಿ ಹಂಗಿಸಬೇಕು. ಒಳಗೆ ಕತ್ತಲು, ಧೂಳು, ಸೆಕೆ. ಆದರೂ ಭೀಮ ಸಾಕಷ್ಟು ಬೈಯುವ ತನಕ ದುರ್ಯೋಧನ ಹೊರಗೆ ಬರುವಂತಿಲ್ಲ. ಮುಂದೆ ಪಂಡಿತ ತರಗತಿಯಲ್ಲಿ ರನ್ನನ ‘ಗದಾಯುದ್ಧ’ವನ್ನು ಓದಿದಾಗ ಆ ಕೊಳದ ನೀರು ನನಗೆ ಹೊಸದಾಗಿರಲಿಲ್ಲ. ಅಡಗಿ ಕೂತವನ ಉಬ್ಬಸ ಎಂಥದೆಂದು ಮೊದಲೇ ಗೊತ್ತಿತ್ತು.

ಕುಣಿಗಲ್ಲಿನಲ್ಲಿ ಸೋದರಮಾವನ ಮನೆ. ಆ ಊರಿನಲ್ಲಿ ಟೀಪುವಿನ ಕಾಲದಿಂದಲೂ ಕುದುರೆಗಳನ್ನು ಸಾಕಿ ಬೆಳೆಸಿದ ಲಾಯವುಂಟು. ಆಗ ದಂಡಿನ ಕುದುರೆ, ಆಮೇಲೆ ಜೂಜಿನ ಕುದುರೆ. ಅಲ್ಲಿಯ ಮಕ್ಕಳು ಕುದುರೆಯ ಬಣ್ಣ, ನಡಿಗೆ, ಕೆನೆತ ಎಲ್ಲವನ್ನೂ ಬಲ್ಲವರು. ಗುಬ್ಬಿಯಲ್ಲಿ ಆನೆಯಾಗಿದ್ದಂಥದೇ ಒಂದು ಒರಗುದಿಂಬು ಆ ಮನೆಯ ಗೂಡಿನಲ್ಲಿಯೂ ಇತ್ತು. ಕುಣಿಗಲ್ಲಿಗೆ ಬಂದ ಮೇಲೆ ದಿಂಬು ಕುದುರೆಯಾಗಲೇಬೇಕು. ತೊಟ್ಟಿಲ ಹಗ್ಗ ಲಗಾಮು. ನಾನು ಅದನ್ನು ಆನೆಯೆಂದು ಕರೆದಾಗ ನನ್ನ ಸೋದರಮಾವನ ಮಕ್ಕಳು ನಕ್ಕ ನಗು ಇನ್ನೂ ಕಿವಿಯಲ್ಲಿದೆ. ಮಳೆ ಹಿಡಿದ ದಿನ ಮಾತ್ರ ಕುದುರೆಗೆ ವಿಶ್ರಾಂತಿ. ಅಂದು ಗೂಡಿನಿಂದ ಅಳಗುಳಿಮಣೆ ಹೊರಬರುತ್ತಿತ್ತು. ಎರಡು ಸಾಲು, ಸಾಲಿಗೆ ಏಳು ಗುಳಿ, ಆಡಲು ಹುಣಸೆಬೀಜ. ಕೂಡುವ ಕಳೆಯುವ ಲೆಕ್ಕವನ್ನು ನಾನು ಕಲಿತದ್ದು ಮಗ್ಗಿ ಪುಸ್ತಕದಿಂದಲೋ ಆ ಮಣೆಯಿಂದಲೋ ಹೇಳಲಾರೆ.

ತುಮಕೂರಿನ ಮಂಡಿಪೇಟೆಯಲ್ಲಿ ದೊಡ್ಡಮ್ಮನ ಮನೆ. ಬೀದಿಯ ತುಂಬ ಮೂಟೆ, ಗಾಡಿ, ಹಮಾಲರ ಕೂಗು. ಅಲ್ಲಿಯ ಮಕ್ಕಳಿಗೆ ಆನೆಯೂ ಬೇಡ, ಕುದುರೆಯೂ ಬೇಡ. ಅವರದು ಮಂಡಿ ವ್ಯಾಪಾರ. ಒಂದು ತಟ್ಟೆ ಹೋದ ತಕ್ಕಡಿಗೆ ಚಿಪ್ಪು ಕಟ್ಟಿ ಸರಿಮಾಡಿ, ಮರಳನ್ನು ರಾಗಿಯೆಂದು ಅಳೆದು, ಹಳೆಯ ಪಂಚಾಂಗ ಹರಿದು ಪೊಟ್ಟಣ ಕಟ್ಟಿ ಕೊಡುತ್ತಿದ್ದರು. ಸಾಲ ಬರೆಯಲು ಖಾತೆ ಪುಸ್ತಕವೂ ಇತ್ತು. ಸಾಲ ತೀರಿಸದವನನ್ನು ಮರುದಿನ ಆಟಕ್ಕೆ ಸೇರಿಸುತ್ತಿರಲಿಲ್ಲ.

ಹೀಗೆ ಮೂರು ಊರುಗಳ ಗೂಡುಗಳಲ್ಲಿ ಸಾಮಾನು ಹೆಚ್ಚುಕಡಿಮೆ ಒಂದೇ, ಆಟ ಬೇರೆ ಬೇರೆ. ಈಗ ಅಂಗಡಿಯಿಂದ ತರುವ ಆಟದ ಸಾಮಾನಿಗೂ ಇದಕ್ಕೂ ಇರುವ ಅಂತರ ಇಲ್ಲಿಯೇ. ಕೀಲಿ ಕೊಟ್ಟರೆ ಓಡುವ ಕಾರು ತುಮಕೂರಿನಲ್ಲಿಯೂ ಕಾರು, ತೋಕಿಯೋದಲ್ಲಿಯೂ ಕಾರು. ಆಟವನ್ನು ಮಾಡಿದವನು ಅದರೊಳಗೆ ಮೊದಲೇ ತುಂಬಿ ಕಳುಹಿಸಿರುತ್ತಾನೆ. ಮಗುವಿಗೆ ಉಳಿದದ್ದು ನೋಡುವ ಕೆಲಸ.

ಇದು ಮುದುಕರ ಹಳಹಳಿಕೆಯಲ್ಲ ಎಂಬುದಕ್ಕೆ ಹೊರಗಿನ ಎರಡು ಸಾಕ್ಷಿಗಳನ್ನು ಕರೆಯುತ್ತೇನೆ. ರವೀಂದ್ರನಾಥ ಠಾಕೂರರು 1940ರಲ್ಲಿ ತಮ್ಮ ಬಾಲ್ಯವನ್ನು ಕುರಿತು ‘ಛೇಲೇಬೇಲಾ’ ಎಂಬ ಪುಸ್ತಕ ಬರೆದರು. ಅವರ ಅಜ್ಜಿಯ ಕಾಲದ ಒಂದು ಪಲ್ಲಕ್ಕಿ ಕೆಲಸ ಕಳೆದುಕೊಂಡು ಮನೆಯ ಮೊಗಸಾಲೆಯ ಮೂಲೆಯಲ್ಲಿ ಬಿದ್ದಿತ್ತು. ಮಧ್ಯಾಹ್ನದ ಹೊತ್ತು ಆ ಬಾಲಕ ಅದರೊಳಗೆ ಬಾಗಿಲು ಮುಚ್ಚಿ ಕೂತು ದೇಶಸಂಚಾರ ಮಾಡುತ್ತಿದ್ದ. ಅಷ್ಟು ದೊಡ್ಡ ಸಿರಿವಂತರ ಮನೆಯಲ್ಲಿಯೂ ಹುಡುಗನಿಗೆ ಬೇಕಾದದ್ದು ಮೂಲೆಗುಂಪಾದ ಪಲ್ಲಕ್ಕಿಯೇ. ಇನ್ನೊಂದು ಸಾಕ್ಷಿ ಡೆನ್ಮಾರ್ಕಿನದು. ಅಲ್ಲಿ ಉದ್ಯಾನಗಳನ್ನು ರೂಪಿಸುತ್ತಿದ್ದ ಸೊರೆನ್ಸೆನ್ ಎಂಬವರು ಒಂದು ವಿಷಯ ಗಮನಿಸಿದರು. ಅಚ್ಚುಕಟ್ಟಾಗಿ ಕಟ್ಟಿದ ಆಟದ ತಾಣಗಳನ್ನು ಬಿಟ್ಟು ಮಕ್ಕಳು ಮನೆ ಕಟ್ಟುವ ಕಡೆ ಬಿದ್ದಿರುವ ಹಲಗೆ, ಇಟ್ಟಿಗೆಗಳಲ್ಲಿ ಆಡಲು ಓಡುತ್ತಿದ್ದರು. 1943ರಲ್ಲಿ, ದೇಶ ಜರ್ಮನರ ಕೈಕೆಳಗಿದ್ದಾಗ, ಕೋಪನ್‌ಹೇಗನ್ನಿನ ಎಂಡ್ರೂಪ್ ಎಂಬಲ್ಲಿ ಬರಿಯ ಗುಜರಿ ಸಾಮಾನಿನ ಆಟದ ಅಂಗಳ ತೆರೆಯಿತು. 1946ರಲ್ಲಿ ಅದನ್ನು ಕಂಡ ಇಂಗ್ಲೆಂಡಿನ ಲೇಡಿ ಆಲೆನ್ ಎಂಬ ಮಹಿಳೆ ತಮ್ಮ ದೇಶದಲ್ಲಿಯೂ, ಬಾಂಬು ಬಿದ್ದು ಹಾಳಾದ ನಿವೇಶನಗಳಲ್ಲಿ, ಅಂಥವು ಏಳುವಂತೆ ಮಾಡಿದರು. ನಮ್ಮ ಅಜ್ಜಿಯರು ಇದಕ್ಕಾಗಿ ಯಾವ ಸಂಘವನ್ನೂ ಕಟ್ಟಲಿಲ್ಲ. ಎಸೆಯಲು ಮನಸ್ಸಾಗದೆ ಇಟ್ಟರು, ಅಷ್ಟೆ. ಫಲ ಒಂದೇ ಆಯಿತು.

ಅಜ್ಜಿಯರ ಮಾತು ಬಂದದ್ದರಿಂದ ಗೂಡಿನ ಇನ್ನೊಂದು ಗುಣವನ್ನು ಹೇಳಬೇಕು. ನನ್ನ ದೃಷ್ಟಿಯಲ್ಲಿ ಮುಖ್ಯವಾದದ್ದು ಇದೇ. ಮೆಟ್ಟಿಲು ಇರುವುದು ಮನೆಯ ನಡುವೆ. ಅಡಿಗೆಮನೆಗೆ ನಾಲ್ಕು ಹೆಜ್ಜೆ, ಪಡಸಾಲೆಗೆ ಆರು ಹೆಜ್ಜೆ. ಗೂಡಿನೊಳಗೆ ಕೂತ ಮಕ್ಕಳು ದೊಡ್ಡವರ ಕಣ್ಣಿಗೆ ಬೀಳುತ್ತಿರಲಿಲ್ಲ. ಆದರೆ ದೊಡ್ಡವರ ಕಿವಿಗೆ ಸಿಗುತ್ತಿದ್ದರು. ನಮ್ಮ ಅಜ್ಜಿ ಒಲೆಯ ಮುಂದೆ ಕೂತು ಆಟವನ್ನೆಲ್ಲ ಕಿವಿಯಿಂದಲೇ ಕಾಯುತ್ತಿದ್ದರು. ಗದ್ದಲವಾದರೆ ಅವರಿಗೆ ಚಿಂತೆಯಿಲ್ಲ. ಸದ್ದು ನಿಂತರೆ ಮಾತ್ರ, “ಯಾಕ್ರೋ ಸುಮ್ಮನಾದ್ರಿ? ಏನ್ ಮಾಡ್ತಿದ್ದೀರೋ ಅಲ್ಲಿ?” ಎಂದು ಕೂಗು ಬರುತ್ತಿತ್ತು. “ಏನೂ ಇಲ್ಲ ಕಣಜ್ಜಿ!” ಎಂದು ನಾಲ್ಕು ಗಂಟಲು ಒಟ್ಟಿಗೆ ಕೂಗಿದರೆ, ಏನೋ ಇದೆಯೆಂದು ತಿಳಿದು ಎದ್ದು ಬರುತ್ತಿದ್ದರು.

ಈ ಏರ್ಪಾಡನ್ನು ಸ್ವಲ್ಪ ಯೋಚಿಸಿ. ಕಣ್ಣು ನೋಡುತ್ತಿದ್ದರೆ ಮಗು ಆಡುವುದಿಲ್ಲ, ಆಡಿ ತೋರಿಸುತ್ತದೆ. ಕಿವಿಯೂ ದೂರವಾದರೆ ಅಪಾಯ. ಕಣ್ಣಿಗೆ ಮರೆ, ಕಿವಿಗೆ ಹತ್ತಿರ ಎಂಬ ಈ ನಡುವಣ ಜಾಗದಲ್ಲಿ ಮಕ್ಕಳು ತಮ್ಮ ನ್ಯಾಯವನ್ನು ತಾವೇ ತೀರಿಸಿಕೊಳ್ಳುತ್ತಿದ್ದರು. ಇಂದು ಯಾರು ಭೀಮ, ಯಾರು ಪರದೆ ಎಳೆಯುವವನು, ಚಿಕ್ಕವಳಿಗೆ ಪಾತ್ರವುಂಟೆ ಇಲ್ಲವೆ, ಎಲ್ಲಕ್ಕೂ ಅಲ್ಲಿಯೇ ಪಂಚಾಯಿತಿ. ನಮ್ಮ ಅಕ್ಕ ಆ ಪಂಚಾಯಿತಿಯ ಯಜಮಾನಿ. ಮನೆಯ ಉಳಿದ ಕಡೆ ಹುಡುಗಿಯೆಂದು ಅವಳ ಮಾತಿಗೆ ಅಷ್ಟಾಗಿ ಬೆಲೆಯಿರಲಿಲ್ಲ. ಗೂಡಿನಲ್ಲಿ ಅವಳು ಹೇಳಿದ್ದೇ ತೀರ್ಪು.

ಗೂಡಿನಲ್ಲಿ ಎಲ್ಲವೂ ಚೆನ್ನಾಗಿತ್ತೆಂದು ನಾನು ಹೇಳುವುದಿಲ್ಲ. ಚೇಳು ಇರುತ್ತಿತ್ತು. ಇಲಿ, ಜಿರಲೆಗಳ ಮಾತೇ ಬೇಡ. ತುಕ್ಕು ಹಿಡಿದ ಮೊಳೆ ಚುಚ್ಚಿ ಸೂಜಿಮದ್ದು ಹಾಕಿಸಿಕೊಳ್ಳದ ಹುಡುಗ ನಮ್ಮಲ್ಲಿ ಅಪೂರ್ವ. ಹಬ್ಬಕ್ಕೆ ಮುಂಚೆ ಅದನ್ನು ಬರಿದು ಮಾಡಿ, ಗುಡಿಸಿ, ಮತ್ತೆ ತುಂಬುವ ಕೆಲಸ ಬೀಳುತ್ತಿದ್ದುದು ಮನೆಯ ಹೆಂಗಸರ ಮೇಲೆ. ಗೂಡನ್ನು ಹೊಗಳುವ ಗಂಡಸರಾರೂ ಆ ದಿನ ಪೊರಕೆ ಹಿಡಿದದ್ದನ್ನು ನಾನು ಕಂಡಿಲ್ಲ. ಕಸವನ್ನೆಲ್ಲ ಕಟ್ಟಿಕೊಂಡು ಬಾಳುವುದು ಒಂದು ಬಗೆಯ ಜಿಪುಣತನವೆಂಬ ಆಕ್ಷೇಪಣೆಯಲ್ಲಿಯೂ ಹುರುಳಿಲ್ಲದೆ ಇಲ್ಲ. ಆದ್ದರಿಂದ ಹಳೆಯ ಗೂಡು ಹಾಗೆಯೇ ಮರಳಿ ಬರಲಿ ಎಂಬುದು ನನ್ನ ವಾದವಲ್ಲ. ಅದು ಮಾಡುತ್ತಿದ್ದ ಕೆಲಸ ನಿಲ್ಲಬಾರದು ಎಂಬುದಷ್ಟೇ ನನ್ನ ವಾದ.

ನಿಲ್ಲುತ್ತಿದೆಯೆಂಬ ಭಯ ನನಗುಂಟು. ತುಮಕೂರಿನ ಹೊಸ ಬಡಾವಣೆಗಳಲ್ಲಿ ಮೂವತ್ತು ನಲವತ್ತರ ನಿವೇಶನದಲ್ಲಿ ಏಳುತ್ತಿರುವ ಮನೆಗಳನ್ನು ನೋಡಿ. ಮೆಟ್ಟಿಲು ಹೊರಗೆ ಹೋಗಿದೆ. ಒಳಗಿದ್ದರೂ ಅದರ ಕೆಳಗೆ ಕರೆಂಟು ಹೋದಾಗ ಬೇಕಾದ ಬ್ಯಾಟರಿ, ಚಪ್ಪಲಿಯ ಗೂಡು, ಇಲ್ಲವೆ ಒಂದು ಸಣ್ಣ ಬಚ್ಚಲು. ನಿವೇಶನದ ಬೆಲೆ ತೆತ್ತವರು ಒಂದು ಅಡಿಯನ್ನೂ ಹಾಳು ಬಿಡಲಾರರು, ಅವರನ್ನು ತಪ್ಪೆನ್ನುವಂತಿಲ್ಲ. ಆದರೆ ಆ ಮನೆಯ ಮಗುವೆಲ್ಲಿ? ಶಾಲೆಯಲ್ಲಿ ಮೇಷ್ಟರ ಕಣ್ಣು, ಸಂಜೆ ಮನೆಪಾಠದವರ ಕಣ್ಣು, ಮಿಕ್ಕ ಹೊತ್ತು ಕೈಯಲ್ಲಿ ಮೊಬೈಲು. ಮೊಬೈಲು ಹಿಡಿದ ಮಗು ಸೋಫದ ಮೇಲೆ ನಮ್ಮ ಕಣ್ಣೆದುರಿಗೇ ಕೂತಿರುತ್ತದೆ. ಸದ್ದಿಲ್ಲ, ಗದ್ದಲವಿಲ್ಲ. ನಾವು ನಿಶ್ಚಿಂತರು. ನಮ್ಮ ಅಜ್ಜಿಯಾಗಿದ್ದರೆ ಆ ನಿಶ್ಶಬ್ದವನ್ನು ಕೇಳಿಯೇ ಎದ್ದು ಬರುತ್ತಿದ್ದರು. ಗೂಡಿನ ಲೆಕ್ಕ ಈಗ ತಿರುಗುಮುರುಗಾಗಿದೆ; ಮಗು ಕಣ್ಣಿಗೆ ಹತ್ತಿರ, ಕಿವಿಗೆ ದೂರ. ಅದು ಯಾರೊಡನೆ ಆಡುತ್ತಿದೆ, ಏನನ್ನು ಕೇಳುತ್ತಿದೆ ಎಂಬುದು ಪಕ್ಕದಲ್ಲಿ ಕೂತವರಿಗೂ ತಿಳಿಯದು.

1989ರಲ್ಲಿ ವಿಶ್ವಸಂಸ್ಥೆ ಒಪ್ಪಿದ, 1992ರಲ್ಲಿ ಭಾರತವೂ ಸೇರಿದ, ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಆಡುವುದನ್ನು ಮಗುವಿನ ಹಕ್ಕೆಂದು ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆ ಶಾಲೆಗೆ ಆಟದ ಬಯಲಿರಬೇಕೆಂದು ಹೇಳುತ್ತದೆ. ಎರಡೂ ಒಳ್ಳೆಯವೇ. ಆದರೆ ಬಯಲಿನ ಆಟ ಬೇರೆ, ಗೂಡಿನ ಆಟ ಬೇರೆ. ಬಯಲಿನಲ್ಲಿ ಮೈ ಬೆಳೆಯುತ್ತದೆ, ಗೆಲುವು ಸೋಲು ತಿಳಿಯುತ್ತದೆ. ಗೂಡಿನಲ್ಲಿ ಇಲ್ಲದ್ದನ್ನು ಇದೆಯೆಂದು ಕಾಣುವ ಶಕ್ತಿ ಬೆಳೆಯುತ್ತದೆ. ಕಾವ್ಯಕ್ಕೂ ಗಣಿತಕ್ಕೂ ಬೇಕಾದ ಶಕ್ತಿ ಅದೇ.

ನನ್ನ ಕಸುಬಿನ ಕಡೆಯಿಂದಲೂ ಒಂದು ಮಾತು. ಮೂಲೆಯ ವಸ್ತು ಹೋದರೆ ಅದರೊಡನೆ ಮಾತೂ ಹೋಗುತ್ತದೆ. ಎಂಟನೆಯ ತರಗತಿಯಲ್ಲಿ ‘ಸೇರಿಗೆ ಸವ್ವಾಸೇರು’ ಎಂಬ ನುಡಿ ಬಂದಾಗ ಅರ್ಥ ಕೇಳಿದೆ. ಸರಿಸಮ ಎಂದರು ಕೆಲವರು. ಸೇರು ಎಂದರೇನು ಎಂದೆ. ಬಸ್ಸು ನಿಲ್ದಾಣ ಸೇರುವುದು ಎಂದ ಒಬ್ಬ. ಮರುದಿನ ಮನೆಯಿಂದ ಸೇರನ್ನೂ ಪಾವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ, ಶಾಲೆಯ ಅಂಗಳದಲ್ಲಿ ಮಕ್ಕಳ ಕೈಗೆ ಕೊಟ್ಟು ಸುಮ್ಮನೆ ನಿಂತೆ. ಮರಳು ತುಂಬಿದರು, ಸುರಿದರು. ನಾಲ್ಕು ಪಾವಿಗೆ ಒಂದು ಸೇರು ತುಂಬುತ್ತದೆಂದು ತಾವೇ ಕಂಡುಕೊಂಡರು. ತುಂಬಿದ ಸೇರಿನ ಮೇಲೆ ಇನ್ನೊಂದು ಪಾವು ಸುರಿದ ಹುಡುಗಿಯೊಬ್ಬಳು, ಮರಳು ಸುತ್ತ ಚೆಲ್ಲಿದ್ದನ್ನು ನೋಡಿ, “ಇದೇ ಅಲ್ವಾ ಸಾರ್ ಸವ್ವಾಸೇರು? ಒಂದು ಸೇರಿನೊಳಗೆ ಹಿಡಿಸಲ್ಲ!” ಎಂದಳು. ಒಬ್ಬ ಒಂದು ಸೇರಿನವನಾದರೆ ಇನ್ನೊಬ್ಬ ಅವನನ್ನೂ ಮೀರಿ ಚೆಲ್ಲುವವನು ಎಂಬ ಅರ್ಥವನ್ನು ನಾನು ಬೋರ್ಡಿನ ಮೇಲೆ ಬರೆಯಬೇಕಾಗಲಿಲ್ಲ. ಆ ಅವಧಿ ಮುಗಿಯುವ ಹೊತ್ತಿಗೆ ಸೇರನ್ನು ಮಗುಚಿ ಒಬ್ಬ ಬಾರಿಸುತ್ತಿದ್ದ. ನಾನು ತಡೆಯಲಿಲ್ಲ.

ಹಾಗಾದರೆ ಏನು ಮಾಡಬೇಕು? ದೊಡ್ಡ ಯೋಜನೆಯೇನೂ ಬೇಡ. ಮನೆ ಕಟ್ಟಿಸುವವರು ಮೆಟ್ಟಿಲ ಕೆಳಗೆ ನಾಲ್ಕು ಅಡಿ ಜಾಗವನ್ನು ಮಕ್ಕಳ ಲೆಕ್ಕಕ್ಕೆ ಬರೆಯಲಿ. ಅದಕ್ಕೆ ಅನುಕೂಲವಿಲ್ಲದವರು ಮಂಚದ ಕೆಳಗೋ ಬೀರುವಿನ ಪಕ್ಕದಲ್ಲೋ ಒಂದು ಹಳೆಯ ಪೆಟ್ಟಿಗೆ ಇಡಲಿ. ತುಕ್ಕು, ಒಡಕು ಗಾಜು, ವಿದ್ಯುತ್ತಿನ ಸಾಮಾನುಗಳನ್ನು ಆರಿಸಿ ತೆಗೆದು, ಹಳೆಯ ಸೀರೆ, ರಟ್ಟಿನ ಡಬ್ಬ, ಮರದ ತುಂಡು, ಹಗ್ಗ, ತಟ್ಟೆ ಚಮಚೆಗಳನ್ನು ಅದರಲ್ಲಿ ತುಂಬಲಿ. ಗುಜರಿಯವನಿಗೆ ಕೊಡುವ ಮುನ್ನ ಒಂದು ವರ್ಷ ಮಕ್ಕಳ ಕೈಯಲ್ಲಿರಲಿ. ಹಬ್ಬಕ್ಕೆ ಅದನ್ನು ಗುಡಿಸುವ ಕೆಲಸವನ್ನು ಈ ಸಲ ಗಂಡಸರು ಮಾಡಲಿ. ಅಜ್ಜ ಅಜ್ಜಿಯರಿದ್ದರೆ ಒಂದೊಂದು ಸಾಮಾನಿನ ಹೆಸರನ್ನು ಒಮ್ಮೆ ಹೇಳಿಕೊಡಲಿ. ಆಮೇಲೆ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋಗಲಿ. ಹೀಗೆ ಆಡಿ, ಹಾಗೆ ಆಡಿ ಎಂದು ಹೇಳುವುದು ಬೇಡ, ಚಿತ್ರ ತೆಗೆಯುವುದೂ ಬೇಡ.

ಕನ್ನಡದಲ್ಲಿ ಆಡು ಎಂಬ ಒಂದೇ ಧಾತುವಿಗೆ ಆಟವಾಡು ಎಂಬುದೂ ಅರ್ಥ, ಮಾತಾಡು ಎಂಬುದೂ ಅರ್ಥ. ಹೆಸರಿಟ್ಟವರು ಸುಮ್ಮನೆ ಇಡಲಿಲ್ಲ. ಆಡುವ ಮಗು ಮಾತಾಡುತ್ತದೆ, ಮಾತಾಡುವ ಮಗು ಕೇಳಿಸುತ್ತದೆ. ಗದ್ದಲವಾದರೆ ಸ್ವಲ್ಪ ಸಹಿಸಿಕೊಳ್ಳೋಣ. ಸದ್ದು ನಿಂತಾಗ ಎದ್ದು ಹೋಗಿ ನೋಡೋಣ.